ಆರರಿಂದ ಎಂಟನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಕೆಲಸ ಬೇಗ ಮುಗಿಯುತ್ತದೆ. ಆಮೇಲಿನ ಮಾತೆಲ್ಲ ಫೋನಿನದ್ದೇ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ಅನ್ನುವ ಕಾರಣಕ್ಕೆ ಆ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಬರುತ್ತವೆ. ಕೆಲವನ್ನು ಅಪ್ಪ ಅಮ್ಮ ಕೇಳುತ್ತಾರೆ. ಕೆಲವನ್ನು ಮಕ್ಕಳು ಲ್ಯಾಬ್ ಖಾಲಿಯಾದ ಮೇಲೆ ಮೆಲ್ಲಗೆ ಬಂದು ಕೇಳುತ್ತಾರೆ. ಎರಡೂ ಇಲ್ಲಿವೆ. ಎಲ್ಲ ಓದಲು ಪುರುಸೊತ್ತಿಲ್ಲ ಅಂದರೆ "ಫೋಟೋ ಕೇಳಿ ಹೆದರಿಸುತ್ತಿದ್ದಾರೆ" ಅನ್ನುವ ಪ್ರಶ್ನೆಯ ಉತ್ತರವನ್ನಾದರೂ ಓದಿ.

ಎಷ್ಟನೇ ಕ್ಲಾಸಿಗೆ ಸ್ವಂತ ಫೋನ್ ಕೊಡಿಸಬಹುದು?

ಎಂಟನೇ ಕ್ಲಾಸು ಮುಗಿಯುವವರೆಗೆ ಸ್ವಂತ ಸ್ಮಾರ್ಟ್‌ಫೋನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಓಡಾಡುವ ಮಗು, ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಬರುವ ಮಗು ಆದರೆ ಕೀಪ್ಯಾಡ್ ಫೋನ್ ಸಾಕು. "ತಲುಪಿದೆ" ಅಂತ ಹೇಳಲು ಇಂಟರ್ನೆಟ್ ಬೇಕಾಗಿಲ್ಲ.

"ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ" ಅಂತ ಮಗು ಹೇಳಿದರೆ ಹೆಸರು ಕೇಳಿ ನೋಡಿ. ನಾಲ್ಕೈದು ಹೆಸರಿನ ಮೇಲೆ ಪಟ್ಟಿ ಮುಂದೆ ಹೋಗುವುದು ಕಡಿಮೆ.

ಮನೆಯಲ್ಲಿರುವುದೇ ಒಂದು ಫೋನ್. ಅದನ್ನೇ ಕೊಡಬೇಕು. ಏನು ಮಾಡಲಿ?

ನಮ್ಮ ಕಡೆಯ ಅಸಲಿ ಪ್ರಶ್ನೆ ಇದೇ. ಸಲಹೆ ಕೊಡುವ ಬಹಳ ಜನ ಮಗುವಿಗೆ ಬೇರೆ ಫೋನ್, ಬೇರೆ ಅಕೌಂಟ್ ಇದೆ ಅಂದುಕೊಂಡೇ ಮಾತಾಡುತ್ತಾರೆ. ಇಲ್ಲಿ ಅಮ್ಮನ ಫೋನ್ ಸಂಜೆ ಆದಮೇಲೆ ಮಗನ ಫೋನ್. ಬ್ಯಾಂಕ್ ಮೆಸೇಜೂ ಅದರಲ್ಲೇ, ಸ್ತ್ರೀಶಕ್ತಿ ಸಂಘದ ಗ್ರೂಪೂ ಅದರಲ್ಲೇ, ಹೋಮ್‌ವರ್ಕೂ ಅದರಲ್ಲೇ.

ಮೊದಲು ದುಡ್ಡಿನ ಬಾಗಿಲು ಮುಚ್ಚಿ. ಫೋನ್‌ಪೇ, ಗೂಗಲ್ ಪೇಗೆ ಆಪ್ ಲಾಕ್ ಹಾಕಿ. ಅಂಗಡಿಗೆ ಕಳಿಸುವಾಗ "ಇದೊಂದ್ಸಲ" ಅಂತ ಯುಪಿಐ ಪಿನ್ ಹೇಳಿಕೊಡಬೇಡಿ. ಯುಪಿಐ ಲೈಟ್ ಆನ್ ಆಗಿದೆಯಾ ನೋಡಿ. ಅದು ಪಿನ್ ಕೇಳುವುದೇ ಇಲ್ಲ. ಒಂದು ಸಲಕ್ಕೆ 1,000 ರೂಪಾಯಿವರೆಗೆ ಹಾಗೇ ಹೋಗುತ್ತದೆ. ಕಾಫಿ, ಆಟೋಗೆ ಕೊಡಲು ನಮಗೆ ಅನುಕೂಲ, ಆದರೆ ಮಗುವಿನ ಕೈಯಲ್ಲಿರುವ ಫೋನಿನಲ್ಲಿ ಬೇಡ. ಆಟೋಪೇ ಅನ್ನುವ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಎಂದೋ ಒಪ್ಪಿಗೆ ಕೊಟ್ಟ ಆಪ್ ತಿಂಗಳು ತಿಂಗಳು ದುಡ್ಡು ಎಳೆಯುತ್ತಿರಬಹುದು. ಪ್ಲೇ ಸ್ಟೋರ್ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಬಹುದು. ಅದನ್ನೂ ಮಾಡಿಡಿ.

ಆಮೇಲೆ ಸ್ಕ್ರೀನ್ ಲಾಕ್. ಪ್ಯಾಟರ್ನ್ ಇಟ್ಟಿದ್ದರೆ ಬದಲಾಯಿಸಿ. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗಾಜಿನ ಮೇಲೆ ಬೆರಳು ಉಜ್ಜಿದ ಗುರುತು ನೋಡಿ ಪ್ಯಾಟರ್ನ್ ಕಂಡುಹಿಡಿಯುವ ಚುರುಕು ಮಕ್ಕಳಿದ್ದಾರೆ. ಆರು ಅಂಕಿಯ ಪಿನ್ ಇಡಿ. ಹುಟ್ಟಿದ ವರ್ಷ ಬೇಡ.

ಆ್ಯಂಡ್ರಾಯ್ಡ್‌ನಲ್ಲಿ ಆಪ್ ಪಿನ್ನಿಂಗ್ ಅಂತ ಒಂದು ಸೌಲಭ್ಯ ಇದೆ. ಸೆಟ್ಟಿಂಗ್ಸಿನಲ್ಲಿ ಸೆಕ್ಯುರಿಟಿ ಒಳಗೆ ಹುಡುಕಿದರೆ ಸಿಗುತ್ತದೆ. ಅಲ್ಲೇ ಆಚೆ ಬರುವಾಗ ಲಾಕ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ. ಪಾಠದ ಆಪ್ ತೆರೆದು ಪಿನ್ ಮಾಡಿ ಕೊಟ್ಟರೆ, ನಿಮ್ಮ ಲಾಕ್ ತೆಗೆಯದೆ ಅದರಿಂದ ಆಚೆ ಬರಲು ಆಗುವುದಿಲ್ಲ. ಇದು ಗೊತ್ತಿರುವವರು ತುಂಬಾ ಕಡಿಮೆ. ಸಭೆಯಲ್ಲಿ ತೋರಿಸಿಕೊಟ್ಟರೆ ಎಲ್ಲರೂ ತಮ್ಮ ಫೋನ್ ತೆಗೆದು ಅಲ್ಲೇ ಮಾಡಿಕೊಳ್ಳುತ್ತಾರೆ.

ಕೊನೆಯದು ಯೂಟ್ಯೂಬ್. ದೊಡ್ಡವರು ರಾತ್ರಿ ನೋಡಿದ್ದರ ನೆರಳು ಬೆಳಿಗ್ಗೆ ಮಗುವಿನ ಮುಂದೆ ಬೀಳುತ್ತದೆ. ಅಪ್ಪ ಕೊಲೆ, ದರೋಡೆಯ ಸುದ್ದಿ ನೋಡಿ ಮಲಗಿದರೆ, ಮರುದಿನ ಮಗಳು ನೋಡುವ ಜೀರ್ಣಾಂಗದ ಪಾಠದ ಕೆಳಗೆ ಅದೇ ಸಾಲಾಗಿ ಬರುತ್ತದೆ. ಅವಳೇನೂ ಹುಡುಕಿಕೊಂಡು ಹೋಗಿರುವುದಿಲ್ಲ. ಅದೇ ಫೋನಿನಲ್ಲಿ ಮಗುವಿಗೆ ಬೇರೆ ಗೂಗಲ್ ಅಕೌಂಟ್ ಮಾಡಿ, ಯೂಟ್ಯೂಬ್ ತೆಗೆಯುವಾಗ ಅದಕ್ಕೆ ಬದಲಾಯಿಸುವ ಅಭ್ಯಾಸ ಮಾಡಿಸಿ. ಹುಟ್ಟಿದ ದಿನಾಂಕ ನಿಜವಾದದ್ದೇ ಹಾಕಿ.

ದಿನಕ್ಕೆ ಎಷ್ಟು ಹೊತ್ತು ಕೊಡಬಹುದು?

ಈ ವಯಸ್ಸಿಗೆ ಎಲ್ಲರೂ ಒಪ್ಪಿದ ಒಂದು ಲೆಕ್ಕ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗಂಟೆಯ ಲೆಕ್ಕ ಕೊಟ್ಟಿದ್ದು 5 ವರ್ಷದೊಳಗಿನ ಮಕ್ಕಳಿಗೆ. ಅದನ್ನೇ ಹನ್ನೆರಡು ವರ್ಷದವರಿಗೂ ಅನ್ವಯಿಸಿ ವಾಟ್ಸಾಪಿನಲ್ಲಿ ಹಂಚುತ್ತಾರೆ.

ನಾನು ಗಂಟೆ ಎಣಿಸುವ ಮೊದಲು ನಿದ್ದೆ ಎಣಿಸಿ ಅನ್ನುತ್ತೇನೆ. 12 ವರ್ಷದವರೆಗಿನ ಮಕ್ಕಳಿಗೆ 9 ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. 13 ದಾಟಿದವರಿಗೆ 8ರಿಂದ 10 ಗಂಟೆ. ಅದಾದ ಮೇಲೆ ಶಾಲೆ, ಆಟ, ಊಟ, ಸ್ವಲ್ಪ ಮನೆಗೆಲಸ. ಇಷ್ಟೂ ಸರಿಯಾಗಿ ನಡೆದು ಉಳಿದ ಹೊತ್ತಿನಲ್ಲಿ ಒಂದು ತಾಸು ಆಟ, ವಿಡಿಯೋ ನೋಡಿದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಒಂದು ನಿಯಮ ಮಾತ್ರ ಬಿಗಿಯಾಗಿರಲಿ. ರಾತ್ರಿ ಫೋನ್ ಮಲಗುವ ಕೋಣೆಯಲ್ಲಿ ಇರಕೂಡದು. ಹಾಲ್‌ನಲ್ಲಿ ಒಂದೇ ಕಡೆ ಎಲ್ಲರ ಫೋನೂ ಚಾರ್ಜಿಗೆ. "ಅಲಾರಾಂಗೆ ಬೇಕು" ಅಂದರೆ ಪೇಟೆಯಲ್ಲಿ ಅಲಾರಾಂ ಗಡಿಯಾರ ಈಗಲೂ ಸಿಗುತ್ತದೆ.

ಹೋಮ್‌ವರ್ಕ್ ವಾಟ್ಸಾಪಿಗೇ ಬರುತ್ತೆ ಅಂತ ಸಂಜೆಯಿಡೀ ಫೋನ್ ಹಿಡಿದುಕೊಳ್ಳುತ್ತಾನೆ. ಸುಳ್ಳಾ?

ಅರ್ಧ ನಿಜ. ಕೊರೊನಾ ಕಾಲದಲ್ಲಿ ಶುರುವಾದ ಅಭ್ಯಾಸವನ್ನು ಎಷ್ಟೋ ಶಾಲೆಗಳು ಇನ್ನೂ ಬಿಟ್ಟಿಲ್ಲ. ಇದರಲ್ಲಿ ನಮ್ಮ ಶಿಕ್ಷಕರ ಪಾಲೂ ಇದೆ. ಬೋರ್ಡಿನ ಮೇಲೆ ಬರೆದು ಡೈರಿಗೆ ಇಳಿಸಿಕೊಳ್ಳಲು ಹೇಳಬಹುದಾದ್ದನ್ನು ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ. ಸಭೆಯಲ್ಲಿ ನೀವು ಧೈರ್ಯವಾಗಿ ಕೇಳಿ: "ಡೈರಿಯಲ್ಲೇ ಬರೆಸಿ ಮೇಡಂ." ಕೇಳಿದರೆ ನಡೆಯುತ್ತದೆ. ಅಲ್ಲಿಯವರೆಗೆ, ಗ್ರೂಪ್ ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಫೋನ್ ವಾಪಸ್ ಕೊಡಲಿ. ಹತ್ತು ನಿಮಿಷ ಸಾಕು.

ಫ್ಯಾಮಿಲಿ ಲಿಂಕ್ ಹಾಕಿದರೆ ನಿಶ್ಚಿಂತೆಯಾಗಿರಬಹುದಾ?

ಮಗುವಿನ ಫೋನನ್ನು ಪೋಷಕರು ಹತೋಟಿಯಲ್ಲಿಡಲು ಗೂಗಲ್ ಮಾಡಿದ ಆಪ್ ಇದು. ಮಗುವಿಗೆ ಬೇರೆ ಫೋನ್ ಇದ್ದರೆ ಹಾಕಿ, ಒಳ್ಳೆಯದು. ದಿನಕ್ಕೆ ಇಷ್ಟೇ ಹೊತ್ತು ಅಂತ ಕಟ್ಟಬಹುದು, ರಾತ್ರಿ ಲಾಕ್ ಮಾಡಬಹುದು, ಹೊಸ ಆಪಿಗೆ ನಿಮ್ಮ ಒಪ್ಪಿಗೆ ಕೇಳುವಂತೆ ಮಾಡಬಹುದು. ಆದರೆ ಯಾರ ಜೊತೆ ಏನು ಮಾತಾಡುತ್ತಿದ್ದಾರೆ ಅನ್ನುವುದನ್ನು ಅದು ತೋರಿಸುವುದಿಲ್ಲ. ಪಕ್ಕದ ಮನೆ ಅಣ್ಣನ ಫೋನಿಗೂ ಅದು ತಲುಪುವುದಿಲ್ಲ. ಅದು ಬೇಲಿ ಅಷ್ಟೇ. ಬೇಲಿ ಹಾಕಿ ನೀವು ಮಾತು ನಿಲ್ಲಿಸಿದರೆ ಪ್ರಯೋಜನ ಇಲ್ಲ.

ಮಗಳಿಗೆ 12. ಇನ್‌ಸ್ಟಾಗ್ರಾಮ್ ಬೇಕು ಅಂತ ಹಟ. ಹುಟ್ಟಿದ ವರ್ಷ ಬದಲಾಯಿಸಿ ಮಾಡಿಕೊಟ್ಟರೆ ತಪ್ಪಾ?

ತಪ್ಪು, ಮತ್ತು ನಿಮಗೇ ನಷ್ಟ. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡಕ್ಕೂ ಕನಿಷ್ಠ ವಯಸ್ಸು 13. ಇನ್‌ಸ್ಟಾಗ್ರಾಮಿನಲ್ಲಿ 18ರೊಳಗಿನವರಿಗೆ ಟೀನ್ ಅಕೌಂಟ್ ಅಂತ ಬೇರೆ ವ್ಯವಸ್ಥೆ ಇದೆ. ಭಾರತಕ್ಕೆ ಅದು 2025ರ ಫೆಬ್ರುವರಿಯಲ್ಲಿ ಬಂತು. ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಅಪರಿಚಿತರು ಮೆಸೇಜ್ ಕಳಿಸಲು ಆಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16 ಆಗದವರು ಇದನ್ನೆಲ್ಲ ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಈಗ ಯೋಚಿಸಿ. ನೀವು 2004 ಅಂತ ಹುಟ್ಟಿದ ವರ್ಷ ಹಾಕಿದಿರಿ. ಆಪಿನ ಕಣ್ಣಿಗೆ ಅವಳು ದೊಡ್ಡವಳು. ಈ ರಕ್ಷಣೆ ಒಂದೂ ಅವಳಿಗೆ ಸಿಗುವುದಿಲ್ಲ. ದೊಡ್ಡವರಿಗೆ ಬರುವ ಜಾಹೀರಾತು, ದೊಡ್ಡವರಿಗೆ ಬರುವ ಮೆಸೇಜು ಎಲ್ಲ ನೇರ ಅವಳಿಗೆ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಅಕೌಂಟ್ ಇಟ್ಟುಕೊಳ್ಳುವಂತಿಲ್ಲ. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾನೂನಿನಲ್ಲೂ 18 ಆಗದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತಿದೆ. ಆ ಒಪ್ಪಿಗೆಗೆ ಬೆಲೆ ಬರುವುದು ನಾವು ವಯಸ್ಸು ನಿಜ ಹೇಳಿದರೆ ತಾನೇ?

ಮಗ ಗೇಮಿನಲ್ಲಿ ದುಡ್ಡು ಕಳೆದಿದ್ದಾನೆ. ಇಂಥ ಗೇಮ್‌ಗಳನ್ನು ಸರ್ಕಾರ ನಿಲ್ಲಿಸಿಲ್ವಾ?

ಎರಡು ಬಗೆಯ ಗೇಮ್ ಇವೆ, ಬೇರೆ ಬೇರೆ ಮಾಡಿ ನೋಡಿ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಆನ್‌ಲೈನ್ ರಮ್ಮಿ ಥರದವು ಇದರಲ್ಲಿ ಬರುತ್ತವೆ. ಯಾರಾದರೂ ಟೆಲಿಗ್ರಾಮಿನಲ್ಲಿ ಲಿಂಕ್ ಕಳಿಸಿ ಆಡಿಸುತ್ತಿದ್ದರೆ ಅದು ಕಾನೂನುಬಾಹಿರ.

ಬಿಜಿಎಂಐ ಥರದ ಗುಂಡು ಹಾರಿಸುವ ಆಟ ಬೇರೆ. ಅಲ್ಲಿ ಗೆದ್ದರೆ ದುಡ್ಡು ಬರುವುದಿಲ್ಲ. ಬಟ್ಟೆ, ಬಂದೂಕಿನ ಬಣ್ಣ ಕೊಳ್ಳಲು ದುಡ್ಡು ಹೋಗುತ್ತದೆ. ಬಿಜಿಎಂಐ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದೆ, ಪೋಷಕರ ನಂಬರಿಗೆ ಓಟಿಪಿ ಕಳಿಸುತ್ತದೆ. ಕೇಳಲು ಚೆಂದ. ಆದರೆ ಪೋಷಕರ ಫೋನ್ ಇರುವುದೇ ಆಡುವ ಮಗುವಿನ ಕೈಯಲ್ಲಿ! ಓಟಿಪಿ ಅಲ್ಲೇ ಬರುತ್ತದೆ, ಅಲ್ಲೇ ತುಂಬುತ್ತಾನೆ.

ಮೋಸದಿಂದ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಮಗನಿಗೆ ಬೈಯುವುದು ಆಮೇಲೆ ಇಟ್ಟುಕೊಳ್ಳಿ. ಬಯ್ಗುಳದ ಹೆದರಿಕೆಗೆ ಅವನು ಎರಡು ದಿನ ಮುಚ್ಚಿಟ್ಟರೆ ದುಡ್ಡು ಹಲವು ಖಾತೆ ದಾಟಿರುತ್ತದೆ.

(ವಿದ್ಯಾರ್ಥಿಯ ಪ್ರಶ್ನೆ) ಗೇಮಲ್ಲಿ ಪರಿಚಯ ಆದವರು ಫೋಟೋ ಕೇಳಿದರು. ಕಳಿಸಿದೆ. ಈಗ ಎಲ್ಲರಿಗೂ ಹಾಕ್ತೀನಿ ಅಂತ ಹೆದರಿಸುತ್ತಿದ್ದಾರೆ. ಮನೇಲಿ ಹೇಳಿದ್ರೆ ಹೊಡೀತಾರೆ. ಏನ್ಮಾಡ್ಲಿ?

ಮೊದಲು ಇದು ಕೇಳು. ತಪ್ಪು ಹೆದರಿಸುತ್ತಿರುವವನದ್ದು. ಕಾನೂನೂ ಹಾಗೇ ಹೇಳುತ್ತದೆ. 2012ರ ಪೋಕ್ಸೋ ಕಾಯ್ದೆ ಇರುವುದೇ ನಿನ್ನಂಥ ಮಕ್ಕಳ ರಕ್ಷಣೆಗೆ. ನಿನ್ನ ಹೆಸರು, ಫೋಟೋ, ಶಾಲೆ ಯಾವುದನ್ನೂ ಪೇಪರ್, ಟಿವಿಯವರು ಹೊರಗೆ ಹಾಕುವಂತಿಲ್ಲ.

ಇನ್ನೊಂದು ಫೋಟೋ ಕಳಿಸಬೇಡ. ದುಡ್ಡೂ ಕಳಿಸಬೇಡ. ಕೊಟ್ಟರೆ ಬಿಡುತ್ತಾನೆ ಅನ್ನಿಸುತ್ತದೆ, ಆದರೆ ಕೊಟ್ಟವರನ್ನೇ ಅವರು ಮತ್ತೆ ಕೇಳುವುದು. ಚಾಟ್ ಅಳಿಸಬೇಡ. ಅವನ ಹೆಸರು, ಐಡಿ, ನಂಬರ್, ಹೆದರಿಸಿದ ಮಾತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡು. ಆಮೇಲೆ ಬ್ಲಾಕ್ ಮಾಡು.

ಮನೆಯಲ್ಲಿ ಹೇಳಲು ಭಯವಾದರೆ ಅಜ್ಜಿ, ಅತ್ತೆ, ಚಿಕ್ಕಮ್ಮ, ಟೀಚರ್, ನಿನಗೆ ನಂಬಿಕೆ ಇರುವ ಯಾರಿಗಾದರೂ ಇವತ್ತೇ ಹೇಳು. 1098 ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ನೀನೇ ಮಾಡಬಹುದು. ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆಯೂ ಇದೆ. 18 ಆಗದಿದ್ದಾಗ ತೆಗೆದ ಬೆತ್ತಲೆ, ಅರೆಬೆತ್ತಲೆ ಫೋಟೋವನ್ನು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮುಂತಾದವು ತಡೆಯಲು ಅದು ಸಹಾಯ ಮಾಡುತ್ತದೆ. ಫೋಟೋ ನಿನ್ನ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ.

ಇನ್ನು ಅಪ್ಪ ಅಮ್ಮನಿಗೆ. ಮಗು ಬಂದು ಹೇಳಿದ ಆ ಕ್ಷಣ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. "ಯಾಕೆ ಕಳಿಸಿದೆ" ಅನ್ನುವ ಪ್ರಶ್ನೆ ಆ ದಿನ ಬೇಡ. "ಹೇಳಿದ್ದು ಒಳ್ಳೇದಾಯ್ತು, ನಾವಿದ್ದೀವಿ" ಅನ್ನಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗ ಬೇರೆ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಒಂದು ಎಚ್ಚರ: ಸಾಕ್ಷಿ ಅಂತ ಆ ಫೋಟೋವನ್ನು ಸಂಬಂಧಿಕರಿಗೆ, ಗ್ರೂಪಿಗೆ ಕಳಿಸಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ತಪ್ಪು ಮಾಡಿದಾಗ ಫೋನ್ ಕಿತ್ತುಕೊಳ್ಳುವುದು ಸರಿಯಾದ ಶಿಕ್ಷೆ ಅಲ್ವಾ?

ಕೆಲವು ಸಲ ಸರಿ. ರಾತ್ರಿ ಹನ್ನೆರಡರವರೆಗೆ ಆಡಿದ, ನಾಳೆ ಫೋನ್ ಇಲ್ಲ. ಇದು ಮಗುವಿಗೂ ಅರ್ಥವಾಗುತ್ತದೆ.

ಆದರೆ ಮಗು ತಾನೇ ಬಂದು ಹೇಳಿಕೊಂಡ ವಿಷಯಕ್ಕೆ ಫೋನ್ ಕಿತ್ತುಕೊಳ್ಳಬೇಡಿ. ಲ್ಯಾಬಿನಲ್ಲಿ ಮಕ್ಕಳನ್ನು ಯಾಕೆ ಮನೆಯಲ್ಲಿ ಹೇಳಲಿಲ್ಲ ಅಂತ ಕೇಳಿದರೆ ಬಹುಪಾಲು ಒಂದೇ ಉತ್ತರ: "ಫೋನ್ ಕಿತ್ಕೋತಾರೆ ಮಿಸ್." ಹೊಡೆತಕ್ಕಿಂತ ಅದರ ಭಯವೇ ಜಾಸ್ತಿ. ಒಮ್ಮೆ ಹೇಳಿ ಶಿಕ್ಷೆ ಅನುಭವಿಸಿದ ಮಗು ಎರಡನೇ ಸಲ ಹೇಳುವುದಿಲ್ಲ. ಹಾಗಾಗಿ ಮನೆಯಲ್ಲಿ ಬಾಯಿಬಿಟ್ಟು ಹೇಳಿಡಿ: "ಏನೇ ಆದ್ರೂ ಬಂದು ಹೇಳಿದ್ರೆ ಫೋನ್ ಕಿತ್ಕೊಳ್ಳಲ್ಲ." ಹೇಳಿದಂತೆ ನಡೆದುಕೊಳ್ಳಿ.

ಗೊತ್ತಾಗದ ಹಾಗೆ ಮಗುವಿನ ಚಾಟ್ ಓದಬಹುದಾ?

ಆರನೇ ಕ್ಲಾಸಿನ ಮಗುವಿಗೆ "ನಾನು ಆಗಾಗ ನೋಡ್ತೀನಿ" ಅಂತ ಮೊದಲೇ ಹೇಳಿ, ಎದುರಿಗೇ ನೋಡಿ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ನೋಡುವುದು ಕಡಿಮೆಯಾಗಲಿ, ಕೇಳುವುದು ಜಾಸ್ತಿಯಾಗಲಿ. ಕದ್ದು ಓದುವುದನ್ನು ನಿಜವಾದ ಅಪಾಯದ ಸುಳಿವು ಸಿಕ್ಕಾಗ ಮಾತ್ರ ಇಟ್ಟುಕೊಳ್ಳಿ: ಊಟ ಬಿಟ್ಟಿದ್ದಾರೆ, ಮೆಸೇಜ್ ಬಂದಾಗ ಬೆಚ್ಚುತ್ತಾರೆ, ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಾರೆ.

ಕ್ಲಾಸಿನ ಗ್ರೂಪಿನಲ್ಲಿ ಒಬ್ಬ ಹುಡುಗನ ಫೋಟೋದಿಂದ ಸ್ಟಿಕರ್ ಮಾಡಿ ಗೇಲಿ ಮಾಡಿದ್ದಾರೆ. ನನ್ನ ಮಗ ಬರೀ ನಗುವ ಇಮೋಜಿ ಹಾಕಿದ್ದು. ಅದೂ ತಪ್ಪಾ?

ಆ ಹುಡುಗನ ಜಾಗದಲ್ಲಿ ನಿಂತು ಎಣಿಸಿ. ಸ್ಟಿಕರ್ ಮಾಡಿದವನು ಒಬ್ಬ. ನಕ್ಕವರು ಇಡೀ ಕ್ಲಾಸು. ಅವನಿಗೆ ನೋವಾಗುವುದು ಆ ಇಡೀ ಸಾಲು ನೋಡಿ.

ನಿಮ್ಮ ಮಗ ಗ್ರೂಪಿನಲ್ಲಿ ದೊಡ್ಡ ಭಾಷಣ ಮಾಡಬೇಕಿಲ್ಲ. ಇಮೋಜಿ ತೆಗೆಯಲಿ. ಆ ಹುಡುಗನಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಲಿ, ಮರುದಿನ ಊಟದ ಹೊತ್ತಲ್ಲಿ ಪಕ್ಕ ಕೂರಲಿ. ಟೀಚರಿಗೆ ತಿಳಿಸಲಿ. ಇದು ಚಾಡಿ ಹೇಳುವುದಲ್ಲ ಅಂತ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. "ಡಿಲೀಟ್ ಫಾರ್ ಎವ್ರಿವನ್" ಒತ್ತಿದರೆ ಮುಗಿಯಿತು ಅಂತ ಮಕ್ಕಳು ನಂಬಿದ್ದಾರೆ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ.

ಈಗ ಎಐನಿಂದ ಇನ್ನೊಬ್ಬರ ಮುಖ ಇಟ್ಟು ಅಸಹ್ಯ ಚಿತ್ರ ಮಾಡುವುದೂ ಶುರುವಾಗಿದೆ. ಅದು ತಮಾಷೆಯ ಲೆಕ್ಕಕ್ಕೆ ಬರುವುದೇ ಇಲ್ಲ, ಪೊಲೀಸ್ ಕೇಸಾಗುತ್ತದೆ.

ಪ್ರಾಜೆಕ್ಟನ್ನು ಚಾಟ್‌ಜಿಪಿಟಿ ಕೈಲಿ ಬರೆಸುತ್ತಿದ್ದಾಳೆ. ನಿಲ್ಲಿಸಲಾ?

ನಮಗೆ ಗೊತ್ತಾಗುತ್ತದೆ ಅಂತ ಮಕ್ಕಳಿಗೆ ಗೊತ್ತಿಲ್ಲ. "ನಮ್ಮೂರ ಜಾತ್ರೆ" ಪ್ರಬಂಧದಲ್ಲಿ ಏಳನೇ ಕ್ಲಾಸಿನ ಹುಡುಗ "ಸಾಂಸ್ಕೃತಿಕ ಪರಂಪರೆಯ ಅವಿಭಾಜ್ಯ ಅಂಗವಾಗಿದೆ" ಅಂತ ಬರೆದಿದ್ದ. ಜಾತ್ರೆಯಲ್ಲಿ ಏನು ತಿಂದೆ ಅಂತ ಕೇಳಿದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ತೇರಿಗೆ ಬಾಳೆಹಣ್ಣು ಎಸೆದಿದ್ದು, ಎಲ್ಲ ಪಟಪಟ ಹೇಳಿದ. ಅದೊಂದೂ ಪ್ರಬಂಧದಲ್ಲಿ ಇರಲಿಲ್ಲ.

ಚಾಟ್‌ಜಿಪಿಟಿಗೆ ಕನಿಷ್ಠ ವಯಸ್ಸು 13, 18ರವರೆಗೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಆರನೇ ಕ್ಲಾಸಿನ ಮಗು ಒಂಟಿಯಾಗಿ ಬಳಸುವಂತಿಲ್ಲ. ದೊಡ್ಡವರು ಪಕ್ಕ ಕೂತು ಬಳಸಿದರೆ ಉಪಯೋಗ ಇದೆ. ಭಿನ್ನರಾಶಿ ಅರ್ಥವಾಗಲಿಲ್ಲ ಅಂದರೆ ಇನ್ನೊಂದು ಉದಾಹರಣೆ ಕೇಳಬಹುದು. ತಾನು ಬರೆದ ಇಂಗ್ಲಿಷ್ ಪತ್ರದಲ್ಲಿ ತಪ್ಪೆಲ್ಲಿದೆ ಕೇಳಬಹುದು. ಆದರೆ ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಕನ್ನಡ ಪದ್ಯದ ವಿಷಯಕ್ಕೆ ಬಂದರೆ ಕವಿಯ ಹೆಸರನ್ನೇ ಅದಲುಬದಲು ಮಾಡುವುದುಂಟು. ಪಠ್ಯಪುಸ್ತಕ ತೆಗೆದು ತಾಳೆ ನೋಡುವುದು ಕಡ್ಡಾಯ ಮಾಡಿ.

ಕಣ್ಣು ಹಾಳಾಗುತ್ತಾ?

ಹತ್ತಿರದ್ದನ್ನೇ ತುಂಬಾ ಹೊತ್ತು ನೋಡುವುದು, ಬಿಸಿಲಿಗೆ ಹೋಗದಿರುವುದು, ಎರಡೂ ಸೇರಿ ದೂರದ್ದು ಮಂಜಾಗಿ ಕಾಣುವ ತೊಂದರೆ ಜಾಸ್ತಿಯಾಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಲಿ. ದಿನಾ ಬಯಲಲ್ಲಿ ಆಡಲಿ. ಬೋರ್ಡ್ ಕಾಣಲ್ಲ ಅಂತ ಮುಂದಿನ ಬೆಂಚಿಗೆ ಬರುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ.

ಇದು ಚಟ ಅಂತ ಹೇಗೆ ಗೊತ್ತಾಗುತ್ತದೆ? ಯಾರನ್ನು ನೋಡಬೇಕು?

ಜಾಸ್ತಿ ನೋಡುವುದೆಲ್ಲ ಚಟ ಅಲ್ಲ. ಫೋನ್ ಸಿಗದಾಗ ಕೈ ಎತ್ತುವುದು, ಗೆಳೆಯರನ್ನು, ಆಟವನ್ನು ಪೂರ್ತಿ ಬಿಟ್ಟಿರುವುದು, ನಿದ್ದೆ ಕೆಟ್ಟು ಶಾಲೆ ತಪ್ಪಿಸುವುದು, ಇವು ವಾರಗಟ್ಟಲೆ ನಡೆದರೆ ತಡಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಷಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗಲು ದೂರವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

(ವಿದ್ಯಾರ್ಥಿಯ ಪ್ರಶ್ನೆ) ನಮಗೆ ಬೈಯ್ತಾರೆ, ಅಪ್ಪ ಮಾತ್ರ ಊಟ ಮಾಡ್ತಾ ರೀಲ್ಸ್ ನೋಡ್ತಾರೆ. ಇದು ನ್ಯಾಯಾನಾ?

ಅಲ್ಲ. ಈ ಪುಟವನ್ನು ಅಪ್ಪನಿಗೆ ತೋರಿಸು.

ಹಾಗಾದರೆ ಫೋನಿನಲ್ಲಿ ಒಳ್ಳೆಯದು ಏನು ಮಾಡಿಸಬಹುದು?

ಪಠ್ಯಪುಸ್ತಕದಲ್ಲಿರುವ ಕ್ಯುಆರ್ ಕೋಡನ್ನು ದೀಕ್ಷಾ ಆಪಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ಸಿಗುತ್ತವೆ. ಎಷ್ಟೋ ಮಕ್ಕಳು ಆ ಕಪ್ಪು ಚೌಕ ಯಾಕಿದೆ ಅಂತಲೇ ಕೇಳಿಲ್ಲ. ಕನ್ನಡದಲ್ಲಿ ಟೈಪ್ ಮಾಡಲು ಕಲಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಅಭ್ಯಾಸ ಆದಮೇಲೆ ಕಾಗುಣಿತ ಕೈಬಿಡುತ್ತದೆ, ನೋಟ್‌ಬುಕ್ ತಿದ್ದುವಾಗ ನನಗದು ಕಾಣುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಸ್ಕ್ರ್ಯಾಚ್ ಅನ್ನುವ ಮಕ್ಕಳ ಪ್ರೋಗ್ರಾಮಿಂಗ್ ಕಲಿಯಲಿ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಬ್ಲಾಕ್ ಜೋಡಿಸಿ ತಾನೇ ಒಂದು ಗೇಮ್ ಮಾಡಬಹುದು. ಗೇಮ್ ಮಾಡಿದ ಮಗು ಬೇರೆ ಗೇಮ್ ಆಡುವಾಗ "ಇಲ್ಲಿ ಬೇಕಂತಲೇ ಸೋಲಿಸ್ತಾರೆ, ದುಡ್ಡು ಕೇಳೋಕೆ" ಅಂತ ಗುರುತಿಸುತ್ತದೆ. ನನಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನನ್ನ ಹಳೇ ಫೋನ್ ಮಗನಿಗೆ ಕೊಡಬಹುದಾ?

ಕೊಡುವುದಾದರೆ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ. ಅದಕ್ಕೆ ಮೊದಲು ಫೋಟೋ, ನಂಬರ್‌ಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ, ನಿಮ್ಮ ಗೂಗಲ್ ಅಕೌಂಟ್ ತೆಗೆಯಿರಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಬರೀ ವೈಫೈ ಸಾಕಾದರೆ ಸಿಮ್ ಹಾಕಲೇಬೇಡಿ. ಹಾಕಿದರೆ ಅದು ನಿಮ್ಮ ಹೆಸರಿನ ಸಿಮ್, ಅದರಿಂದ ಹೋಗುವ ಪ್ರತಿ ಮೆಸೇಜಿಗೂ ಮೊದಲು ಕೇಳುವುದು ನಿಮ್ಮನ್ನೇ. ಸೆಕ್ಯುರಿಟಿ ಅಪ್‌ಡೇಟ್ ನಿಂತು ವರ್ಷಗಳಾಗಿದ್ದರೆ ಬೇಡ. ಹಿಂದಿನ ಕವಚ ಸ್ವಲ್ಪ ಉಬ್ಬಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ.